ಹಗೇವಿನ ಮೇಲಿನ ಮ್ಯಾಂಡೋಲಿನ್

ಒಂದು ವರ್ಷದಿಂದೀಚೆಗೆ ನನಗೊಂದು ಹೊಸ ಚಟ ಹತ್ತಿದೆ. ಎಲ್ಲಿಗೆ ಹೋದರೂ ನೆಲದ ಮೇಲೆ ಕೂಡುವ ಮೊದಲು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡುತ್ತೇನೆ. ಅರವತ್ತು ದಾಟಿದ ಮೇಲೆ ಹತ್ತಿದ ಚಟ ಮಣ್ಣಿಗೆ ಹೋಗುವವರೆಗೂ ಬಿಡುವುದಿಲ್ಲವಂತೆ. ಆಮೇಲೆ ಒಳಗಿನಿಂದ ಬಡಿಯುತ್ತೇನೋ ಏನೋ, ಯಾರಿಗೆ ಗೊತ್ತು!

ಕಳೆದ ಶ್ರಾವಣದಲ್ಲಿ ಮಗಳನ್ನು ಕೊಟ್ಟ ಊರು ಮಿಶ್ರಿಕೋಟಿಗೆ ಊಟಕ್ಕೆ ಹೋಗಿದ್ದೆ. ಬೀಗರು ಹೊಸ ಮನೆ ಕಟ್ಟಿಸಿದ್ದರು. ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳಬಹುದು, ಅಂಥ ಟೈಲ್ಸು. "ಬರ್ರಿ ಅಕ್ಕಾರ, ಕುಂಡ್ರರಿ" ಎಂದು ಬೀಗರು ಚಾಪೆ ಹಾಸಿದರು. ನಾನು ಸೆರಗು ಸರಿಮಾಡಿಕೊಂಡು ಬಗ್ಗಿದೆ, ಟಕ್ ಟಕ್ ಎಂದು ಬಡಿದೆ. ಬೀಗರ ಮುಖ ಕಪ್ಪಾಯಿತು.

"ಯಾಕ್ರಿ ಅಕ್ಕಾರ, ಟೈಲ್ಸ್ ಪೊಳ್ಳ ಕುಂತಾವನ?"

"ಇಲ್ರಿ, ಅಗದಿ ಘಟ್ಟಿ ಅದಾವು" ಎಂದೆ. ನನ್ನ ದನಿಯಲ್ಲಿ ನಿರಾಸೆ ಇತ್ತಂತೆ. ಮಗಳು ಆಮೇಲೆ ಅಡಿಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡು, "ಯವ್ವಾ, ನೆಲ ಘಟ್ಟಿ ಐತಿ ಅಂತ ಯಾರರ ಮಾರಿ ಸಣ್ಣ ಮಾಡ್ತಾರನ ಬೇ?" ಎಂದು ಬೈದಳು.

ಏನು ಮಾಡಲಿ, ಪೊಳ್ಳು ನೆಲವೆಂದರೆ ನನಗೀಗ ಪ್ರೀತಿ. ಇದಕ್ಕೆಲ್ಲ ಕಾರಣ ನಮ್ಮ ಚನ್ನಬಸು ಕಾಕಾ, ನಮ್ಮಪ್ಪನ ಬೆನ್ನಿಗೆ ಬಿದ್ದ ತಮ್ಮ, ಮತ್ತು ಅವನ ಮ್ಯಾಂಡೋಲಿನ್. ನೀವು ಚಹಾ ಇಟ್ಟುಕೊಂಡೇ ಕೂಡುವುದು ಒಳ್ಳೆಯದು. ನಾನು ಹೇಳಲು ಹತ್ತಿದರೆ ನೆಟ್ಟಗೆ ಹೋಗುವವಳಲ್ಲ.

ನವಲಗುಂದದಿಂದ ಯಮನೂರಿನ ಕಡೆಗೆ ಹೋಗುವ ಹಾದಿಯಲ್ಲಿ ಒಳಗೆ ತಿರುಗಿದರೆ ನನ್ನ ತವರೂರು. ಮೈತುಂಬ ಎರೆನೆಲ. ಗುಡ್ಡ ಬೇಡ, ದಿಬ್ಬ ಕೂಡ ಇಲ್ಲ. ಹಿಂಗಾರಿನಲ್ಲಿ ಕಡಲೆ, ಕುಸುಬೆ, ಬಿಳಿಜೋಳ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ಬಯಲಿನ ಮೇಲೆ ಬಿಸಿಲು ಹಳದಿಯಾಗಿ ನಿಂತುಬಿಡುತ್ತದೆ. ಆ ಹೊತ್ತಿನಲ್ಲಿ ಬಣವೆಯ ನೆರಳಲ್ಲಿ ಮಲಗಿದರೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ದೂರದಲ್ಲಿ ಯಾರೋ ಎತ್ತಿಗೆ ಹೋ ಎಂದದ್ದು ನಿನ್ನೆ ಕೇಳಿದಂತೆ ಅನಿಸುತ್ತದೆ. ನಾನು ಚಿಕ್ಕವಳಿದ್ದಾಗ ಹಾಗೆ ಮಲಗಿ ಎಷ್ಟು ಸಲ ಎಮ್ಮೆ ಕಳೆದಿದ್ದೇನೋ! ಎಮ್ಮೆಗಳು ಜಾಣವು, ತಾವೇ ಮನೆಗೆ ಹೋಗಿರುತ್ತಿದ್ದವು. ಬೈಗುಳ ಮಾತ್ರ ನನಗೆ.

ಕಾಕಾ ಹರೆಯದಲ್ಲಿದ್ದಾಗ ನಮ್ಮಜ್ಜ ಅವನನ್ನು ಬಂಡಿಯ ನೊಗಕ್ಕೆ ಕಟ್ಟಿಗೆ ತರಲು ಅಳ್ನಾವರಕ್ಕೆ ಕಳಿಸಿದ. ಅಳ್ನಾವರವೆಂದರೆ ಗೋವಾದ ಕಡೆಯ ಅಡವಿಯ ಅಂಚು. ಎರೆನೆಲದ ನಮಗೆ ಗಿಡ ಎಂದರೆ ಬೇವು, ಬನ್ನಿ, ಮುಗಿಯಿತು. ಅಲ್ಲಿ ಸ್ಟೇಷನ್ನಿನ ಹಿಂದೆ ರೈಲ್ವೆ ಮನೆಗಳ ಕಟ್ಟೆಯ ಮೇಲೆ ಗೋವಾದವನೊಬ್ಬ ಸಂಜೆ ಕೂತು ಏನನ್ನೋ ಬಾರಿಸುತ್ತಿದ್ದನಂತೆ. ಹೊಟ್ಟೆ ದುಂಡಗೆ, ಕುತ್ತಿಗೆ ಗಿಡ್ಡ, ಜೋಡಿ ಜೋಡಿ ತಂತಿ. ಕಾಕಾ ರೈಲು ಬಿಟ್ಟ. ಮರುದಿನದ್ದನ್ನೂ ಬಿಟ್ಟ. ಆ ಗೋವಾದವನು ನೌಕರಿ ಮುಗಿಸಿ ಊರಿಗೆ ಹೊರಟಿದ್ದ. ಹೆಗಲ ಮೇಲಿನ ಹೊಸ ಕಂಬಳಿ, ಕಟ್ಟಿಗೆಯ ಅಡ್ಡೆಯವರಿಗೆಂದು ಒಯ್ದಿದ್ದ ಒಣಮೆಣಸಿನಕಾಯಿಯ ಚೀಲ, ಎರಡನ್ನೂ ಅವನಿಗೆ ಕೊಟ್ಟು ಕಾಕಾ ಆ ವಾದ್ಯ ಇಸಿದುಕೊಂಡು ಬಂದ. ನೊಗದ ಮಾತು ಅಳ್ನಾವರದಲ್ಲೇ ಉಳಿಯಿತು.

ಅಂಗಳದಲ್ಲಿ ಅವನು ಗಂಟು ಬಿಚ್ಚಿದಾಗ ನಮ್ಮಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನೊಗಾ ತಾರೋ ಅಂತ ಕಳಿಸಿದ್ರ ಸವಟ ತಂದಾನ ನೋಡ್ರವಾ!" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಮ್ಯಾಂಡೋಲಿನ್‌ಗೆ ಸೌಟು ಎಂದೇ ಹೆಸರು. ಎತ್ತುಗಳಂತೂ ಆ ವರ್ಷ ಹಳೇ ನೊಗದಲ್ಲೇ ಹೊಲ ಹೊಡೆದವು, ಅಜ್ಜ ಆ ವರ್ಷವೆಲ್ಲ ಕಾಕಾನ ಜೊತೆ ಮಾತು ಬಿಟ್ಟ.

ಸೌಟು ಬಂದ ಮೇಲೆ ಊರಿಗೆ ರುಚಿ ಹತ್ತಿತು, ಅದು ನಿಜ. ಸೋಮವಾರದ ಭಜನೆಗೆ ಕಾಕಾ ಬೇಕು, ಸೀಮಂತಕ್ಕೆ ಕಾಕಾ ಬೇಕು, ಶಾಲೆಯ ಗ್ಯಾದರಿಂಗಿಗೂ ಕಾಕಾ ಬೇಕು. ಸಿನಿಮಾದ ಹಾಡು ಒಮ್ಮೆ ಕೇಳಿದರೆ ಮರುದಿನ ತಂತಿಯಲ್ಲಿ. ಇಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಸುಖವಿತ್ತು. ಆದರೆ ನಮ್ಮೂರ ಮಠದಲ್ಲಿ ಗವಾಯಿಗಳಿದ್ದರಲ್ಲ!

ಗವಾಯಿಗಳು ಎಂದರೆ ಮಠದಲ್ಲೇ ಇದ್ದು ಸಂಗೀತ ಹೇಳಿಕೊಡುವವರು. ತೆಳ್ಳನೆಯ ದೇಹ, ಬಿಳಿ ಜುಬ್ಬಾ, ಮಾತು ಕಡಿಮೆ. ಶಿಷ್ಯರು ಎಷ್ಟೇ ಚೆನ್ನಾಗಿ ಹಾಡಿದರೂ ಶಾಬಾಸ್ ಇಲ್ಲ, ಭಲೇ ಇಲ್ಲ. ಬಹಳ ಸೇರಿದರೆ ಕಣ್ಣು ಮುಚ್ಚಿಕೊಂಡು "ಹಾಂ" ಎನ್ನುತ್ತಿದ್ದರು. ಆ ಒಂದು ಹಾಂ ಸಿಕ್ಕವರು ಮಠದ ಮೆಟ್ಟಿಲನ್ನು ಎರಡೆರಡು ಇಳಿದು ಮನೆಗೆ ಓಡುತ್ತಿದ್ದರು. ನನ್ನನ್ನೂ ಅಪ್ಪ ಹಾಡು ಕಲಿಯಲು ಕಳಿಸಿದ್ದ. ಒಂದು ವಾರ ನನ್ನ ಸಾರೇಗಮ ಕೇಳಿ ಗವಾಯಿಗಳು ತಂಬೂರಿ ತಂದು ನನ್ನ ತೊಡೆಯ ಮೇಲಿಟ್ಟರು. "ತಂಗಿ, ನೀ ಇದನ್ನ ಹಿಡಕೊಂಡ ಕುಂಡ್ರವಾ. ದೇವರು ಎಲ್ಲಾರಿಗೂ ಒಂದೊಂದು ಕೆಲಸಾ ಇಟ್ಟಿರ್ತಾನ" ಎಂದರು. ನನ್ನ ಸಂಗೀತ ಆ ನಾಲ್ಕು ತಂತಿಗೆ ಮುಗಿಯಿತು. ಇವತ್ತಿಗೂ ನನ್ನ ಗಂಡನ ಊರು ಅಣ್ಣಿಗೇರಿಯಿಂದ ಬಸ್ಸು ಹತ್ತಿ ಹೋಗಿ ತಂಬೂರಿ ಹಿಡಿದು ಬರುತ್ತೇನೆ. ಹಾಡಲು ಬಾರದವಳು ಎಂದು ಯಾರೂ ಅಂದಿಲ್ಲ, ಎದುರಿಗಂತೂ ಅಂದಿಲ್ಲ.

ವರ್ಷಕ್ಕೊಮ್ಮೆ, ಉಗಾದಿ ಮುಗಿದ ಮೇಲೆ, ಗವಾಯಿಗಳ ಗುರುಗಳ ಪುಣ್ಯತಿಥಿಗೆ ಮಠದಲ್ಲಿ ಸಂಗೀತ ಸೇವೆ. ಬೆಳಗಿನಿಂದ ದೀಪ ಹಚ್ಚುವವರೆಗೆ ಗದ್ದುಗೆಯ ಮುಂದೆ ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ, ಸಿತಾರ ಬಾರಿಸುತ್ತಾರೆ. ಅವತ್ತಿಗೆಂದೇ ಒಂದು ಜಮಖಾನೆ. ನವಲಗುಂದದ ಹೆಣ್ಣುಮಗಳೊಬ್ಬಳು ಹರಕೆ ಹೊತ್ತು ನೇಯ್ದು ಕೊಟ್ಟದ್ದು, ನಡುವೆ ಪಗಡೆಯ ಹಾಸು, ಸುತ್ತ ಜೋಡಿ ನವಿಲು. ಉಳಿದ ಜಮಖಾನೆಗಳ ಹಾಗೆ ತೆಳ್ಳಗಲ್ಲ, ಕೈಯಿಟ್ಟರೆ ಬೆರಳು ಹುಗಿದುಹೋಗುವಷ್ಟು ದಪ್ಪ. ಅದನ್ನು ಹಾಸಿದರೆ ಶಾಸ್ತ್ರೀಯದವರು ಅದರ ಮೇಲೆ ಕೂಡಬೇಕು, ಭಜನೆಯವರು ಅದರ ಹೊರಗೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಯಾರಾದರೂ ಅಳಿಸುತ್ತಿದ್ದರು. ರೂಢಿಯನ್ನು ಅಳಿಸುವುದು ಹೇಗೆ?

ಹೀಗಾಗಿ ಏನೂ ಬಾರದ ನಾನು ತಂಬೂರಿಯ ಪುಣ್ಯದಿಂದ ನವಿಲಿನ ಮೇಲೆ ಕೂಡುತ್ತಿದ್ದೆ. ಎಲ್ಲ ಬರುವ ಕಾಕಾ ಜಮಖಾನೆಯ ಅಂಚಿನಾಚೆ, ಪಡಸಾಲೆಯ ಮೂಲೆಯಲ್ಲಿ, ಹಗೇವಿನ ಹಲಗೆಯ ಮೇಲೆ ಕೂಡುತ್ತಿದ್ದ.

ಹಗೇವು ಗೊತ್ತಲ್ಲ? ಈಗಿನವರಿಗೆ ಹೇಳಬೇಕಾಗುತ್ತದೆ. ನೆಲದೊಳಗೆ ಹೊಟ್ಟೆ ಅಗಲ, ಬಾಯಿ ಸಣ್ಣ ಮಾಡಿ ತೆಗೆದ ಜೋಳದ ಕಣಜ. ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮಠದ ಹಗೇವಿನ ಬಾಯಿ ಪಡಸಾಲೆಯಲ್ಲೇ ಇತ್ತು. ಮೊದಲು ತೆಗೆಯುವಾಗ ಒಳಗಿನ ಗಾಳಿ ಹೇಗಿದೆಯೆಂದು ದೀಪ ಇಳಿಬಿಟ್ಟು ನೋಡುತ್ತಿದ್ದರು, ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಜೋಳ ಖಾಲಿಯಾದಾಗ ನಾವು ಹುಡುಗಿಯರು ಬಾಯಿಯ ಸುತ್ತ ಬೋರಲು ಮಲಗಿ ಒಳಗೆ ನಮ್ಮ ಹೆಸರು ಕೂಗುತ್ತಿದ್ದೆವು. ಕೂಗಿದ್ದು ಸಣ್ಣ ಹುಡುಗಿಯ ದನಿ, ತಿರುಗಿ ಬರುವುದು ಯಾರೋ ದೊಡ್ಡ ಹೆಂಗಸಿನ ದನಿ. ನಾನು ದೊಡ್ಡವಳಾದ ಮೇಲೆ ಹೀಗೆ ಮಾತಾಡುತ್ತೇನೆ ಎಂದುಕೊಂಡು ಮೈ ಜುಮ್ಮೆನ್ನುತ್ತಿತ್ತು. ಒಳಗಿನಿಂದ ಬರುತ್ತಿದ್ದ ಹುಲ್ಲಿನ, ಹಳೇ ಜೋಳದ, ತಂಪು ಮಣ್ಣಿನ ವಾಸನೆ ಇವತ್ತಿಗೂ ಒಮ್ಮೊಮ್ಮೆ ಕನಸಿನಲ್ಲಿ ಬರುತ್ತದೆ. ಎದ್ದರೆ ಪಕ್ಕದಲ್ಲಿ ಫ್ಯಾನು ತಿರುಗುತ್ತಿರುತ್ತದೆ.

ಜೋಳವನ್ನು ಗೋಣಿಚೀಲದಲ್ಲಿ ಇಡುವ ಕಾಲ ಬಂದ ಮೇಲೆ ಮಠದ ಹಗೇವು ಖಾಲಿ ಬಿತ್ತು. ಬಾಯಿಗೆ ಸಾಗುವಾನಿಯ ದೊಡ್ಡ ಹಲಗೆ ಮುಚ್ಚಿದರು. ಅದರ ಮೇಲೆ ಕೂಡಬಾರದು, ಹೊಟ್ಟೆನೋವು ಬರುತ್ತದೆ ಎಂದು ಹಿರಿಯರು ಹೆದರಿಸಿಟ್ಟಿದ್ದರಿಂದ ಆ ಜಾಗ ಯಾವಾಗಲೂ ಖಾಲಿ. ಕಾಕಾನಿಗೆ ಸಿಕ್ಕದ್ದು ಅದು. ಮ್ಯಾಂಡೋಲಿನ್‌ನ ದುಂಡು ಹೊಟ್ಟೆ ಧೋತರದ ಮೇಲೆ ಜಾರುತ್ತದೆಂದು ಅವನು ಅದನ್ನು ತೊಡೆಯ ನಡುವೆ ಇಳಿಸಿ, ಬುಡವನ್ನು ಹಲಗೆಗೆ ಊರಿ ಬಾರಿಸುವ ರೂಢಿ ಮಾಡಿಕೊಂಡ.

ಇಷ್ಟರಲ್ಲಿ ಅವನಿಗೆ ಭೀಮಪಲಾಸದ ಹುಚ್ಚು ಹಿಡಿದಿತ್ತು. ಹೊಲದಿಂದ ಬರುವ ಇಳಿಹೊತ್ತಿನಲ್ಲಿ ಗವಾಯಿಗಳು ಶಿಷ್ಯರಿಗೆ ಆ ರಾಗ ಹೇಳುವುದನ್ನು ಮಠದ ಗೋಡೆಯಾಚೆ ಎತ್ತು ಹಿಡಿದುಕೊಂಡು ನಿಂತು ಕೇಳಿದ್ದನಂತೆ. ಕೇಳಿದ್ದೇ ತಡ, ಮನೆಗೆ ಬಂದು ಸೌಟು ಹಿಡಿದ. ಸ್ವರಗಳೆಲ್ಲ ಬಂದವು, ರಾಗ ಬರಲಿಲ್ಲ. ಭೀಮಪಲಾಸದಲ್ಲಿ ಮಧ್ಯಮದಿಂದ ಗಾಂಧಾರಕ್ಕೆ ಇಳಿಯುವ ಒಂದು ಜಾಗವಿದೆ. ಅಲ್ಲಿ ಮೆಟ್ಟಿಲಿಳಿದಂತೆ ಇಳಿಯಬಾರದು, ತುಪ್ಪ ಜಾರಿದಂತೆ ಜಾರಬೇಕು. ಅದಕ್ಕೆ ಮೀಂಡ ಎನ್ನುತ್ತಾರೆ. ಮ್ಯಾಂಡೋಲಿನ್‌ಗೆ ಕುತ್ತಿಗೆಯ ತುಂಬ ಮೆಟ್ಟಿಲು, ಅದರ ನಾದವೋ ಹುಟ್ಟಿದ ಕ್ಷಣಕ್ಕೇ ಸಾಯುವ ನಾದ. ತುಪ್ಪದ ಜಾಗದಲ್ಲಿ ಜೋಳದ ಕಾಳು ಉದುರಿದಂತಾಗುತ್ತಿತ್ತು.

ಕಾಕಾ ಬಿಡಲಿಲ್ಲ. ಜೋಡಿ ತಂತಿಗಳಲ್ಲಿ ಒಂದೊಂದನ್ನು ಕಿತ್ತು ಒಂಟಿ ಮಾಡಿದ. ತಂತಿಯನ್ನು ಒತ್ತಿ, ಎಳೆದು, ಅಡ್ಡಕ್ಕೆ ಜಗ್ಗಿ ಬೆರಳ ತುದಿ ಹರಿದುಕೊಂಡ. ಚಿಗವ್ವ, ಎಂದರೆ ಕಾಕಾನ ಹೆಂಡತಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಹಿಟ್ಟ ನಾದಿದ್ರ ರೊಟ್ಟಿ ಆದ್ರೂ ಆಕ್ಕೈತಿ. ನೀವು ತಂತಿ ನಾದಿ ಏನ್ ಮಾಡ್ತೀರಿ?" ಎನ್ನುತ್ತಿದ್ದಳು. ಅವಳ ನಾಲಿಗೆ ಹಸಿಮೆಣಸಿನಕಾಯಿ. ಸೌಟಿನ ವಿಷಯ ಬಂದರಂತೂ ಒಗ್ಗರಣೆ ಬೇರೆ. ಒಮ್ಮೆ ರೇಡಿಯೋದಲ್ಲಿ ದಕ್ಷಿಣದ ಕಡೆಯ ಯಾರದೋ ಮ್ಯಾಂಡೋಲಿನ್ ಕಚೇರಿ ಬಂತು. ಅವರ ಸಂಗೀತದಲ್ಲಿ ಆ ವಾದ್ಯ ವೇದಿಕೆಯ ನಡುವೆಯೇ ಕೂತುಬಿಟ್ಟಿದೆ. ಕಾಕಾ ತಾಟಿನಲ್ಲಿ ಕೈಯಿಟ್ಟವನು ಹಾಗೇ ಕೂತ. ರೊಟ್ಟಿ ಒಣಗಿ ಹಪ್ಪಳವಾಯಿತು. ಮರುದಿನ ಓಡಿಹೋಗಿ ಗವಾಯಿಗಳಿಗೆ ಹೇಳಿದ. ಅವರು, "ಅದು ಅವರ ಪದ್ಧತಿ, ಅವರ ಗಮಕ. ನಾವು ಕೇಳಿ ಕೈ ಮುಗಿಯೂಣು. ನಮ್ಮ ಮೀಂಡ ಬ್ಯಾರೇನ ಐತಿ" ಎಂದರು.

ಕಾಕಾನ ಬಯಕೆ ಬಹಳ ದೊಡ್ಡದೇನಲ್ಲ. ಸೇವೆಯ ದಿನ ಒಮ್ಮೆ, ಒಂದೇ ಒಮ್ಮೆ, ಜಮಖಾನೆಯ ಮೇಲೆ ಕೂತು ಗದ್ದುಗೆಯ ಮುಂದೆ ಭೀಮಪಲಾಸ ಬಾರಿಸಬೇಕು. ಕೈ ಕಟ್ಟಿಕೊಂಡು ಕೇಳಿಯೂ ಇದ್ದ.

"ಗವಾಯರ, ಅಲ್ಲಿ ಮ್ಯಾಲೆ ಕುಂತು ಒಂದ ಭೀಮಪಲಾಸ ಬಾರಸ್ಲೇನ್ರಿ?"

"ಬಾರ್ಸಪಾ, ಬ್ಯಾಡ ಅಂದವ್ರ್ಯಾರು? ಅಲ್ಲೇ ನಿನ್ನ ಜಾಗಾದಾಗ ಕುಂತು ಬಾರ್ಸು. ಮೀಂಡ ಇಲ್ಲದ ವಾದ್ಯ ಜಮಖಾನಿ ಮ್ಯಾಲೆ ಬ್ಯಾಡ. ಇದು ನನ್ನ ಮಾತಲ್ಲ, ನಮ್ಮ ಗುರುಗಳ ಮಾತು."

ಚಿಗವ್ವ ಹೆಂಗಸರ ಕಡೆಯಿಂದ, "ಪೇಟಿಗೆ ಎಲ್ಲೈತ್ರಿ ಮೀಂಡ? ಅದನ್ನ ಹೆಂಗ ಕುಂಡ್ರಸ್ಕೊಂಡೀರಿ?" ಎಂದು ಕೂಗಿದಳು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಗವಾಯಿಗಳು ನಕ್ಕು, "ಪೇಟಿ ಹಾಡವರ ಬೆನ್ನಿಂದ ಬರತೈತವಾ, ತಾ ಮುಂದ ಹೋಗಂಗಿಲ್ಲ" ಎಂದರು. ಗಂಡ ಬಾರಿಸುವುದನ್ನು ಬೈಯುವ ಹಕ್ಕು ತನಗೊಬ್ಬಳಿಗೇ ಇದೆ ಎಂದು ಚಿಗವ್ವನ ನಂಬಿಕೆ. ಬೇರೆ ಯಾರಾದರೂ ಅಂದರೆ ಅವಳು ಸುಮ್ಮನಿರುವವಳಲ್ಲ.

ಹೀಗೆ ವರ್ಷ ವರ್ಷವೂ ನಡೆಯಿತು. ಪ್ರಸಾದ ಮುಗಿದು ಜನ ಕೈ ತೊಳೆಯುವಾಗ, ತಬಲಾದವನು ಸುತ್ತಿಗೆ ಹಿಡಿದು ಟಿಣ್ ಟಿಣ್ ಎಂದು ಸ್ವರ ಕೂಡಿಸುವಾಗ, ಕಾಕಾ ಮೂಲೆಯ ಹಲಗೆಯ ಮೇಲೆ ಭಜನೆಯ ಹಾಡೊಂದನ್ನು ಎತ್ತಿಕೊಂಡು ಮೆಲ್ಲಗೆ ಭೀಮಪಲಾಸಕ್ಕೆ ಜಾರುತ್ತಿದ್ದ. ಕದ್ದು ಬೆಲ್ಲ ತಿನ್ನುವವನ ಹಾಗೆ. ಗಲಾಟೆಯಲ್ಲಿ ಯಾರಿಗೆ ಕೇಳಬೇಕು? ಗವಾಯಿಗಳು ಮಾತ್ರ ಎಲೆ ಹಾಕಿಕೊಂಡು ಕಂಬಕ್ಕೆ ಒರಗಿ ಕಣ್ಣು ಮುಚ್ಚಿರುತ್ತಿದ್ದರು. ಉಂಡ ಮೇಲೆ ಜೊಂಪು ಹತ್ತಿದೆ ಎಂದು ನಾನು ತಿಳಿದಿದ್ದೆ. ಹೊರಗೆ ಆ ಹಳದಿ ಬಿಸಿಲು. ನನಗೂ ತಂಬೂರಿಯ ಮೇಲೆ ತಲೆ ವಾಲುತ್ತಿತ್ತು. ಎಷ್ಟು ವರ್ಷ ಹಾಗೆ ತೂಕಡಿಸಿದೆನೋ, ಕಣ್ಣು ಬಿಡುವಷ್ಟರಲ್ಲಿ ಎಲ್ಲರ ತಲೆಯೂ ಬೆಳ್ಳಗಾಗಿತ್ತು.

ಹೋದ ವರ್ಷದ ಮಾತು. ಕಾಕಾನ ಎಡಗೈ ನಡುಗಲು ಹತ್ತಿತು. ಮೊದಲು ಚಹಾದ ಬಸಿ ತುಳುಕಿತು, ಆಮೇಲೆ ಅಂಗಿಯ ಗುಂಡಿ ಹಾಕಲು ಬಾರದಾಯಿತು. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಕೊಟ್ಟು, ಇದು ನಿಲ್ಲುವಂಥದ್ದಲ್ಲ, ಏರುತ್ತಲೇ ಹೋಗುತ್ತದೆ ಎಂದರು. ಕಾಕಾ ಸೌಟಿಗೆ ಅರಿವೆ ಸುತ್ತಿ ಗೂಟಕ್ಕೆ ತೂಗುಹಾಕಿದ.

ಅರಿವೆ ಸುತ್ತಿದ ಆ ಸೌಟನ್ನು ನೋಡಿ ನಮ್ಮ ಚಿಗವ್ವ, ಜೀವನವಿಡೀ ಅದನ್ನು ಒಲೆಗೆ ಹಾಕುತ್ತೇನೆಂದು ಹೆದರಿಸಿದವಳು, ಸೀದಾ ಮಠಕ್ಕೆ ನಡೆದಳು. ನಾನು ಬೆನ್ನ ಹಿಂದೆ. ಗವಾಯಿಗಳು ಈಗ ಬಹಳ ಹಣ್ಣಾಗಿದ್ದಾರೆ, ಬಿಸಿಲಿಗೆ ಕೂತಿದ್ದರು. ಚಿಗವ್ವ ನಮಸ್ಕಾರವನ್ನೂ ಅರ್ಧಕ್ಕೆ ಬಿಟ್ಟು ಶುರುಮಾಡಿದಳು.

"ಗವಾಯರ, ಅವರ ಕೈ ಹೊಂಟೈತ್ರಿ. ಮುಂದಿನ ವರ್ಷ ಇರತೈತೋ ಇಲ್ಲೋ. ಮೀಂಡನೋ ಗೀಂಡನೋ, ನನಗದು ತಿಳಿಯಂಗಿಲ್ಲ. ಒಮ್ಮೆ ಆ ಜಮಖಾನಿ ಮ್ಯಾಲೆ ಕುಂಡ್ರಸ್ರಿ. ಇಲ್ಲಾಂದ್ರ ಆ ಮನಶ್ಯಾ ಆಸೇದಾಗ ಹೋಗ್ತಾನ."

ಗವಾಯಿಗಳು "ಬರ್ಲಿ" ಎಂದರು. ಅಷ್ಟೇ. ಚಿಗವ್ವ ದಾರಿಯುದ್ದಕ್ಕೂ ಸೆರಗಿನಿಂದ ಮೂಗು ಒರೆಸುತ್ತ, ಧೂಳು, ಎಷ್ಟು ಧೂಳು ಈ ಊರಾಗ ಎಂದು ಬೈದುಕೊಂಡು ಬಂದಳು.

ಸೇವೆಯ ದಿನ ಕಾಕಾನನ್ನು ನೋಡಬೇಕಿತ್ತು. ಹೊಸ ಧೋತರ, ಪೆಟ್ಟಿಗೆಯಿಂದ ತೆಗೆದ ರುಮಾಲು, ಹಣೆತುಂಬ ವಿಭೂತಿ. ಮದುವೆಯಲ್ಲೂ ಇಷ್ಟು ಚೆಂದ ಕಂಡಿರಲಿಲ್ಲ ಎಂದು ಚಿಗವ್ವನೇ ಹೇಳಿದಳು. ಮಧ್ಯಾಹ್ನ ಇಳಿಯಿತು. "ಚನಬಸಪ್ಪ, ಬಾ" ಎಂದು ಗವಾಯಿಗಳು ಕರೆದರು. ಜಮಖಾನೆಯ ಅಂಚಿಗೆ ಬಂದವನು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನಾನು ಹಿಂದೆ ತಂಬೂರಿ ಹಿಡಿದಿದ್ದೆ.

ಕಾಕಾ ಕೂತ. ರೂಢಿಯಂತೆ ಮ್ಯಾಂಡೋಲಿನ್‌ನ ಬುಡವನ್ನು ತೊಡೆಯ ನಡುವೆ ಇಳಿಸಿ ಜಮಖಾನೆಗೆ ಊರಿದ. ಷಡ್ಜ ಮೀಟಿದ. ಟಪ್ ಎಂದಿತು. ಮತ್ತೆ ಮೀಟಿದ. ಗಾದಿಯ ಮೇಲೆ ಕಡಲೆ ಬಿದ್ದ ಸಪ್ಪಳ. ನಿಷಾದ, ಷಡ್ಜ, ಗಾಂಧಾರ, ಮಧ್ಯಮ, ಎಲ್ಲ ಹುಟ್ಟಿದಲ್ಲೇ ಸತ್ತವು. ಮಧ್ಯಮದಿಂದ ಇಳಿಯುವ ಆ ಜಾಗಕ್ಕೆ ಬಂದು ತಂತಿ ಜಗ್ಗಿದ. ಏನೂ ಬರಲಿಲ್ಲ. ಹಿಂದೆ ಯಾರೋ, "ಕುಣೀಲಿಕ್ಕೆ ಬರದವಳು ನೆಲ ಡೊಂಕು ಅಂದಳಂತ" ಎಂದು ಕಿಸಕ್ಕನೆ ನಕ್ಕರು. ಕಾಕಾ ಎಡಗೈಯನ್ನು ಎತ್ತಿ ಮುಖದ ಮುಂದೆ ಹಿಡಿದು ನೋಡಿದ, ಬೇರೆ ಯಾರದೋ ಕೈ ಎಂಬಂತೆ. ಆಮೇಲೆ ಮ್ಯಾಂಡೋಲಿನ್ ಕೆಳಗಿಟ್ಟ.

"ಕೈ ಹೋತ್ರಿ ಗವಾಯರ. ತಡಾ ಆತು. ನನ್ನ ಮುಗೀತು."

ಇಷ್ಟು ವರ್ಷ ಕಾದು ಇದಕ್ಕೇನು ಇವನು ಇಲ್ಲಿಗೆ ಬಂದದ್ದು ಎಂದು ನನಗೆ ಆ ನವಿಲುಗಳ ಮೇಲೆಲ್ಲ ಸಿಟ್ಟು ಬಂತು.

ಗವಾಯಿಗಳು ಕಣ್ಣು ತೆರೆಯಲಿಲ್ಲ. "ಕೈ ಹೋಗಿಲ್ಲೋ ಹುಚ್ಚಪ್ಪಾ" ಎಂದರು. "ಏಳು. ನಿನ್ನ ಜಾಗಾಕ್ಕ ಹೋಗು."

ಕಾಕಾನ ಮುಖ ಒಣಗಿಹೋಯಿತು. ಎದ್ದ, ಪಾಪ, ಏಳಲೂ ಅವನಿಗೆ ಇನ್ನೊಬ್ಬರ ಕೈ ಬೇಕಾಯಿತು. ಮ್ಯಾಂಡೋಲಿನ್ ಎತ್ತಿಕೊಂಡು ಹಗೇವಿನ ಮೂಲೆಗೆ ಹೊರಟ. ಹೆಂಗಸರ ನಡುವಿನಿಂದ ಚಿಗವ್ವ ಎದ್ದು ನಿಂತಳು.

"ಕರದು ಕುಂಡ್ರಿಸಿ ಎಬ್ಬಸ್ತೀರೇನ್ರಿ? ಇದಕ್ಕ ಅನ್ನಬೇಕೇನು ಗುರುಸೇವಾ?"

"ತಡಿಯವಾ ತಾಯಿ" ಎಂದರು ಗವಾಯಿಗಳು. ನನ್ನ ಹೆಗಲ ಮೇಲೆ ಭಾರ ಹಾಕಿ ತಾವೂ ಎದ್ದರು. ಅವರ ಮೈ ಎಷ್ಟು ಹಗುರಾಗಿದೆ ಎಂದು ಆಗಲೇ ನನಗೆ ಗೊತ್ತಾದದ್ದು. ನವಿಲುಗಳನ್ನು ದಾಟಿ, ಅಂಚು ದಾಟಿ, ಮೂಲೆಗೆ ನಡೆದರು. ಹಲಗೆಯ ಬಾಜುವಿಗೆ ಬರಿಯ ಕಲ್ಲುನೆಲದ ಮೇಲೆ ಕೂತರು. ಬೆರಳ ಗೆಣ್ಣಿನಿಂದ ಹಲಗೆಯನ್ನು ಎರಡು ಸಲ ಬಡಿದರು. ಒಳಗಿನಿಂದ ಢುಂ ಎಂದು, ಆಳದಿಂದ, ದನಿ ಬಂತು.

"ನಿನ್ನ ವಾದ್ಯಕ್ಕ ತುಂಬಿ ಇಲ್ಲಿ ಐತಿ. ಜಮಖಾನಿ ಅದರ ಬಾಯಾಗ ಹತ್ತಿ ತುರಕಿದಂಗ ಮಾಡ್ತು. ಇಷ್ಟ ವರ್ಷ ಉಂಡು ಕುಂತು ನಾ ಏನ್ ನಿದ್ದಿ ಮಾಡತಿದ್ನಿ ಅಂತ ಮಾಡೀಯೇನು? ಒಂದೊಂದ ಸ್ವರಾ ಕೇಳೀನಿ. ಇಲ್ಲಿಂದ ಹೆಂಗ ಬರತಿತ್ತು ಅನ್ನೂದು ನನಗ ಗೊತ್ತೈತಿ. ಬಾರ್ಸು."

ತುಂಬಿ ಎಂದರೆ ತಂಬೂರಿ, ಸಿತಾರಗಳ ಬುಡದ ಸೋರೆಬುರುಡೆ, ನಾದ ತುಂಬಿಕೊಳ್ಳುವ ಹೊಟ್ಟೆ. ಕಾಕಾನ ಮ್ಯಾಂಡೋಲಿನ್‌ಗೆ ಖಾಲಿ ಹಗೇವು ತುಂಬಿಯಾಗಿತ್ತು. ಅದು ಕಾಕಾನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಗೇವಿನೊಳಗೆ ಹೆಸರು ಕೂಗಿ ಬೆಳೆದವಳು ನಾನು, ನನ್ನ ತಲೆಗೆ ಏನೆನ್ನಬೇಕು!

"ತಂಗಿ, ತಂಬೂರಿ ತಾ ಇಲ್ಲೆ" ಎಂದರು. ನಾನು ಹೋದೆ. ತಬಲಾದವನು ಒಂದು ಕ್ಷಣ ಅತ್ತಿತ್ತ ನೋಡಿ ತಬಲಾ ಎತ್ತಿಕೊಂಡು ಬಂದ. ಪೇಟಿಯವನೂ ಬಂದ, ಸಿತಾರದವರೂ ಬಂದರು. ನೋಡುನೋಡುತ್ತ ಜಮಖಾನೆ ಖಾಲಿಯಾಯಿತು. ಅದರ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು, ನವಿಲುಗಳು ತಾವಷ್ಟೇ ಕೂತಿದ್ದವು.

ಕಾಕಾ ಬುಡವನ್ನು ಹಲಗೆಗೆ ಊರಿ ಷಡ್ಜ ಮೀಟಿದ. ಅದು ಸಾಯಲಿಲ್ಲ. ಕೆಳಗೆ ಇಳಿದು, ಹಳೇ ಹುಲ್ಲಿನ ಕತ್ತಲೆಯನ್ನೆಲ್ಲ ಸುತ್ತಿ, ದೊಡ್ಡದಾಗಿ ಮೇಲೆ ಬಂತು. ಅದು ಪೂರ್ತಿ ಮುಗಿಯುವ ಮೊದಲೇ ಮುಂದಿನ ಸ್ವರ. ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ, ಎರಡು ಕಡೆ ತಪ್ಪಿತು. ನಾನು ಕಣ್ಣು ಮುಚ್ಚಿದೆ. ಬಣವೆಯ ನೆರಳು, ಕುಸುಬೆಯ ಹೊಲ, ತಾವೇ ಮನೆಗೆ ಹೊರಟ ಎಮ್ಮೆಗಳು, ಹಗೇವಿನೊಳಗಿಂದ ನನ್ನನ್ನು ಕರೆಯುವ ಆ ದೊಡ್ಡ ಹೆಂಗಸು. ಆಗ ಬಂತು ಮಧ್ಯಮ, ಕಾಕಾ ತಂತಿ ಜಗ್ಗಿದ. ನಡುಗುವ ಬೆರಳೂ ಒಂದಿಷ್ಟು ಎಳೆಯಿತು, ಉಳಿದದ್ದನ್ನು ಹಗೇವು ಎಳೆದುಕೊಂಡಿತು. ಅದು ಶಾಸ್ತ್ರದ ಪ್ರಕಾರ ಮೀಂಡವೋ ಅಲ್ಲವೋ, ತಿಳಿದವರು ಹೇಳಬೇಕು. ಗಾಂಧಾರಕ್ಕೆ ಜಾರಿ ಮುಟ್ಟಿದ್ದನ್ನು ಮಾತ್ರ ನಾನು ಕೇಳಿದೆ.

"ಹಾಂ" ಎಂದರು ಗವಾಯಿಗಳು.

ಕಾಕಾ ಬಾರಿಸುತ್ತಲೇ ಅತ್ತ. ಚಿಗವ್ವನ ಕಡೆ ನೋಡಿದೆ. ಸ್ಟೀಲಿನ ಚರಿಗೆಯನ್ನು ಎರಡೂ ಕೈಯಿಂದ ಗಟ್ಟಿ ಹಿಡಿದುಕೊಂಡು ಬಾಯಿ ತೆರೆದು ಕೂತಿದ್ದಳು. ಅವಳ ಬಾಯಿಯಿಂದ ಮಾತು ಬಾರದ್ದನ್ನು ಊರು ನೋಡಿದ್ದು ಅದೇ ಮೊದಲು. ಗಾದೆ ಹೇಳಿ ನಕ್ಕವರು ಯಾರೆಂದು ಆಮೇಲೂ ಗೊತ್ತಾಗಲಿಲ್ಲ. ನಾನಂತೂ ನೆಲ ಡೊಂಕು ಎಂದ ಆ ಹೆಣ್ಣುಮಗಳನ್ನು ಇನ್ನು ನಗುವುದಿಲ್ಲ. ಅವಳ ನೆಲವನ್ನು ಯಾರೂ ಬಡಿದು ನೋಡಿರಲಿಕ್ಕಿಲ್ಲ.

ಆಮೇಲೆ ಮಠಕ್ಕೆ ಟೈಲ್ಸ್ ಹಾಕಿಸಿದರು. ಗವಾಯಿಗಳು ಕುರ್ಚಿ ತರಿಸಿ ಹಗೇವಿನ ಬಾಜು ಎರಡು ದಿನ ಕೂತು, ಹಲಗೆಗೆ ಕೈ ಹಚ್ಚದಂತೆ ಗೌಂಡಿಯನ್ನು ಕಾದರು. ಈಗಲೂ ಹೋಗಿ ನೋಡಿ, ಫಳಫಳ ಹೊಳೆಯುವ ನೆಲದ ಮೂಲೆಯಲ್ಲಿ ಕರ್ರನೆಯ ಸಾಗುವಾನಿ ಹಲಗೆ. ಹೊಸಬರು ಅದನ್ನು ಚರಂಡಿಯ ಮುಚ್ಚಳ ಎಂದುಕೊಳ್ಳುತ್ತಾರೆ.

ಈ ವರ್ಷದ ಸೇವೆ ಮೊನ್ನೆ ಆಯಿತು. ಕಾಕಾನ ಕೈ ಈಗ ತುತ್ತನ್ನೂ ಬಾಯಿಗೆ ಒಯ್ಯುವುದಿಲ್ಲ, ಚಿಗವ್ವ ಉಣಿಸುತ್ತಾಳೆ, ಬೈಯುತ್ತಲೇ. ಅವನು ಬರಿಗೈಯಲ್ಲಿ ಬಂದು ತನ್ನ ಹಲಗೆಯ ಮೇಲೆ ಕೂತ. ಜಮಖಾನೆಯ ಮೇಲೆ ಕುಂದಗೋಳದ ಕಡೆಯ ಹುಡುಗಿಯೊಬ್ಬಳು ಭೀಮಪಲಾಸ ಹಾಡಿದಳು, ತಂಬೂರಿ ನನ್ನದೇ. ಮಧ್ಯಮದಿಂದ ಗಾಂಧಾರಕ್ಕೆ ಇಳಿಯುವ ಆ ಜಾಗ ಬಂದಾಗ ಮೂಲೆಯಲ್ಲಿ ಕಾಕಾನ ಕೈ ತಾನೇ ತಾನಾಗಿ ನಡುಗುತ್ತ ಹಲಗೆಯ ಮೇಲೆ ಬಿತ್ತು. ಢುಂ ಎಂದು ಮೆಲ್ಲಗೆ, ಆಳದಿಂದ, ಸರಿಯಾದ ಜಾಗಕ್ಕೆ.

ಗವಾಯಿಗಳು ಕಣ್ಣು ಮುಚ್ಚಿಕೊಂಡೇ "ಹಾಂ" ಎಂದರು.

ಹುಡುಗಿಯ ಮುಖ ಅರಳಿತು. ಮಠದ ಮೆಟ್ಟಿಲನ್ನು ಎರಡೆರಡು ಇಳಿದು ಹೋದಳು. ಆ ಹಾಂ ಯಾರಿಗೆ ಸಂದದ್ದೆಂದು ನಾನು ಅವಳಿಗೆ ಹೇಳಲಿಲ್ಲ.